ತೊಟ್ಟಿಯ ನೀರು ಬಲಕ್ಕೆ ತಿರುಗಿದಾಗ

ಮೊನ್ನೆ ಭಾನುವಾರ ನಾನು ಒಂದು ವಾಲ್ವನ್ನು ತಪ್ಪು ದಿಕ್ಕಿಗೆ ತಿರುಗಿಸಿದೆ. ಆಗ ನಮ್ಮ ಕಾಕಾನ ಗದ್ದದವರೆಗೆ ನೀರಿತ್ತು. ಅವನ ಕಾಲು ಪೈಪಿನೊಳಗೆ ಸಿಕ್ಕಿಕೊಂಡಿತ್ತು.



ನಾನು ಎಲ್ಲವನ್ನೂ ಎಣಿಸಿ, ತಾರೀಖು ಹಾಕಿ ಬರೆದಿಡುವವಳೆಂದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಬಸ್ಸು ಎಷ್ಟು ತಡವಾಯಿತು, ಕರೆಂಟು ಎಷ್ಟು ಸಲ ಹೋಯಿತು, ಅವ್ವ ಎಷ್ಟು ಸಲ ಮದುವೆಯ ಮಾತು ತೆಗೆದಳು. ಆ ಭಾನುವಾರದ ಪುಟದಲ್ಲಿ ಮಾತ್ರ ಒಂದಕ್ಷರವೂ ಇಲ್ಲ.

ನಮ್ಮದು ಕುರಿ ಕಾಯುವ ಮನೆತನ. ಅಪ್ಪ ನೌಕರಿ ಹಿಡಿದು ಜಮಖಂಡಿ ಸೇರಿದ. ಅಪ್ಪನ ತಮ್ಮ, ಕಾಕಾ ಸಿದ್ದಪ್ಪ ಕುರಿ ಬಿಡಲಿಲ್ಲ. ಅವನ ಹಿಂಡು ಅವತ್ತು ಮುಧೋಳದಿಂದ ಲೋಕಾಪುರಕ್ಕೆ ಹೋಗುವ ದಾರಿಯಲ್ಲಿ, ಕಬ್ಬು ಕಡಿದ ಒಂದು ಹೊಲದಲ್ಲಿ ಇಳಿದಿತ್ತು. ಕುರಿ ಕೂಡಿಸಿದರೆ ಹೊಲಕ್ಕೆ ಗೊಬ್ಬರ. ಬದಲಿಗೆ ಹೊಲದ ಮಾಲೀಕನ ಕಲ್ಲಿನ ತೊಟ್ಟಿಯಲ್ಲಿ ಕುರಿ ತೊಳೆಯಬಹುದು. ಉಣ್ಣೆ ಕತ್ತರಿಸುವ ಮುಂಚೆ ತೊಳೆಯಲೇಬೇಕಲ್ಲ?

ಎದೆಮಟ್ಟದ ನೀರು; ಒಂದು ಪಕ್ಕದಿಂದ ಪಂಪು ಸುರಿಯುತ್ತಲೇ ಇತ್ತು. ಒಂದು ಮೂಲೆಯ ತಳದಲ್ಲಿ ದಪ್ಪನೆಯ ಪೈಪಿನ ಬಾಯಿ. ಪಕ್ಕದ ಕಬ್ಬಿನ ಬೆಳೆಗೆ ನೀರು ಬಿಡುವುದು ಅದರಿಂದಲೇ. ವಾಲ್ವು ತೊಟ್ಟಿಯ ಗೋಡೆಯ ಆಚೆ.

ಮೊದಲ ಕುರಿ ಇಳಿಯುವ ಮುಂಚೆ ಕಾಕಾ ಕುಲದೇವರು ಬೀರಪ್ಪನನ್ನು ನೆನೆದು ನೀರಿನ ಮೇಲೆ ಭಂಡಾರ ಹಾರಿಸುತ್ತಾನೆ. ಅರಿಶಿನದ ಪುಡಿ ನೀರಿನ ಮೇಲೆ ಹರಡಿ ನಿಲ್ಲುತ್ತದೆ. ಅವತ್ತು ನಿಲ್ಲಲಿಲ್ಲ. ಮೂಲೆಗೆ ಸರಿಯಿತು. ಅಲ್ಲಿ ನಿಧಾನಕ್ಕೆ ಗಡಿಯಾರದ ಮುಳ್ಳಿನಂತೆ ಸುತ್ತತೊಡಗಿತು. ಬಲಕ್ಕೆ.

"ನೋಡವಾ, ಪ್ರದಕ್ಷಿಣಿ ಹಾಕಿದಂಗ ಬಲಕ್ಕ ತಿರುಗಾಕತ್ತೈತಿ. ಛಲೋ ಆತು," ಎಂದ ಕಾಕಾ.

"ಪೈಪ್ ತೆರದೈತೇನೋ ಕಾಕಾ?" ಎಂದೆ.

ಅವನ ಮಗ ಬೀರು ನಕ್ಕ. ಬನಹಟ್ಟಿಯಲ್ಲಿ ಡಿಗ್ರಿ ಓದುತ್ತಾನೆ. "ಯಕ್ಕಾ, ಪೇಪರಿನ್ಯಾಗ ಬರಿತಿ, ಇಷ್ಟ್ ಗೊತ್ತಿಲ್ಲಾ? ಭೂಮಿ ತಿರುಗೂದ್ರಿಂದ ನಮ್ಮ ಕಡೆ ಪೈಪಿಗೆ ಇಳಿಯೂ ನೀರು ಎಡಕ್ಕ ತಿರುಗತೈತಿ. ಆಸ್ಟ್ರೇಲಿಯಾದಾಗ ಬಲಕ್ಕ. ವಿಡಿಯೋದಾಗ ನೋಡೇನಿ. ಇದು ಬಲಕ್ಕ ಐತಿ. ಅಂದ್ರ ಪೈಪಿಂದಲ್ಲ, ಗಾಳಿದು."

"ನಾವೇನ್ ಆಸ್ಟ್ರೇಲಿಯಾದಾಗ ಕುರಿ ತೊಳಿಯಾಕತ್ತೇವೇನ್ಲೇ?" ಎಂದು ಕಾಕಾ ಅಂಗಿ ಬಿಚ್ಚಿದ.

ದೇವರ ಲೆಕ್ಕದಲ್ಲೂ ಸರಿ, ವಿಜ್ಞಾನದ ಲೆಕ್ಕದಲ್ಲೂ ಸರಿ. (ಇವೆರಡೂ ಒಂದೇ ಮಾತಿಗೆ ಬರುವುದು ಎಷ್ಟು ಅಪರೂಪ!) ನಾನು ಗೋಡೆಯ ಆಚೆ ಹೋಗಿ ವಾಲ್ವ್ ನೋಡಲಿಲ್ಲ.

ಇಬ್ಬರೂ ಇಳಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಕುರಿ ಬೆದರಿ ಮೂಲೆಗೆ ಈಜಿತು. ಅದರ ಬೆನ್ನಿಗೆ ಹೋದ ಕಾಕಾ ಇದ್ದಕ್ಕಿದ್ದಂತೆ ಗಿಡ್ಡನಾದ. ನಿಜವಾಗಿಯೂ ಹಾಗೇ ಕಂಡಿತು. ಎದೆಮಟ್ಟ ಇದ್ದ ನೀರು ಗದ್ದ ಮುಟ್ಟಿತ್ತು.

"ಕಾಲ್ ಎಳಿಯಾಕತ್ತೈತಿ! ಕಾಲ್!"

ಬೀರು ಹೋಗಿ ಅವನ ಕಂಕುಳಿಗೆ ಕೈ ಹಾಕಿ ಹಿಡಿದ. ಮೇಲೆ ಎತ್ತಲು ಆಗಲಿಲ್ಲ. ನಾನು ಗೋಡೆಯ ಆಚೆ ಬಗ್ಗಿ ನೋಡಿದೆ. ಕಬ್ಬಿನ ಕಾಲುವೆಯಲ್ಲಿ ನೀರಿತ್ತು. ಆ ನೀರಿನ ಮೇಲೆ ಹಳದಿ ತೇಲುತ್ತಿತ್ತು. ನಮ್ಮ ಭಂಡಾರ.

ಜಿಗಿದು ವಾಲ್ವ್ ಹಿಡಿದೆ. ತಿರುಗಿಸಿದೆ. ಅಲುಗಲಿಲ್ಲ. ಮೈಭಾರ ಹಾಕಿದೆ. ಅಲುಗಲಿಲ್ಲ. ತುಕ್ಕು ಹಿಡಿದಿದೆಯೇ? ಗೋಡೆಯ ಆಚೆಯಿಂದ ಬೀರು "ಯಕ್ಕಾ, ಲಗೂ!" ಎಂದು ಕೂಗಿದ. ಕಾಕಾನ ದನಿ ನಿಂತುಹೋಗಿತ್ತು. ನಿಜ ಹೇಳುತ್ತೇನೆ, ಅಷ್ಟು ಹೆದರಿಕೆ ನಾನು ಕಂಡಿಲ್ಲ. ಪೂರ್ತಿ ತೆರೆದಿದ್ದ ವಾಲ್ವನ್ನು ಮತ್ತಷ್ಟು ತೆರೆಯಲು ಒದ್ದಾಡುತ್ತಿದ್ದೇನೆ ಎಂದು ಆಮೇಲೆ ಹೊಳೆಯಿತು. ಇನ್ನೊಂದು ಕಡೆಗೆ ತಿರುಗಿಸಿದೆ. ಸರಿಯಿತು. ಎಷ್ಟು ಸುತ್ತು? ಎಣಿಸಲಿಲ್ಲ.

ಎಳೆತ ನಿಂತ ಮೇಲೆ ಕಾಲು ಬಂತು. ಕಣಕಾಲಿನಿಂದ ಮೊಣಕಾಲಿನವರೆಗೆ ನೀಲಿಗಟ್ಟಿತ್ತು. ಎಲುಬಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಮಾಲೀಕ ಬೆಳಿಗ್ಗೆಯೇ ಬೆಳೆಗೆ ನೀರು ಬಿಟ್ಟು ಪೇಟೆಗೆ ಹೋಗಿದ್ದನಂತೆ. ಕುರಿ ಮಾತ್ರ ತಾನೇ ದಡ ಹತ್ತಿ ಮೈ ಜಾಡಿಸಿಕೊಂಡು ನಿಂತಿತ್ತು.

ಸೋಮವಾರದಿಂದ ನಾನು ಮನೆಯ ಸಿಂಕಿಗೆ ಅರಿಶಿನ ಹಾಕಿ ನೀರು ಬಿಟ್ಟು ನೋಡತೊಡಗಿದೆ. ಎಡ, ಬಲ ಎಂದು ಪುಟದಲ್ಲಿ ಎರಡು ಸಾಲು ಗೆರೆ.

"ಮೈಗೆ ಅರಿಶಿನ ಹಚ್ಚಿಸ್ಕೋ ಅಂದ್ರ ಸಿಂಕಿಗಿ ಹಚ್ಚಾಕತ್ತೀಯಲ್ಲವಾ!" ಎಂದಳು ಅವ್ವ. (ಇದನ್ನೂ ಎಣಿಕೆಗೆ ಸೇರಿಸಿದೆ.)

ಮೊದಲ ದಿನ ಬಹುತೇಕ ಎಡಕ್ಕೇ ತಿರುಗಿತು. ಬೀರು ಹೇಳಿದ್ದೇ ಸರಿಯೇ? ಮರುದಿನ ನಲ್ಲಿಯ ಮೂತಿಯನ್ನು ಇನ್ನೊಂದು ಪಕ್ಕಕ್ಕೆ ಹೊರಳಿಸಿ ಸಿಂಕು ತುಂಬಿದೆ. ನೀರು ಬಲಕ್ಕೆ ತಿರುಗಿತು. ಬೆರಳಾಡಿಸಿದರೆ ಬೆರಳು ಹೋದ ಕಡೆಗೆ. ಸಿಂಕಿಗೆ ಭೂಮಿಯ ಪರಿವೆಯೇ ಇರಲಿಲ್ಲ.

ಓದಿ ನೋಡಿದೆ. ಭೂಮಿ ಒಂದು ಸುತ್ತಿಗೆ ಇಡೀ ದಿನ ತೆಗೆದುಕೊಳ್ಳುತ್ತದೆ. ಸಿಂಕು ಒಂದು ನಿಮಿಷದೊಳಗೆ ಖಾಲಿ. ಜಿಲ್ಲೆಗಳನ್ನೇ ನುಂಗುವಷ್ಟು ದೊಡ್ಡ ಚಂಡಮಾರುತ ಭೂಮಿಯ ತಿರುಗುವಿಕೆಗೆ ಮಣಿಯುತ್ತದೆ. ನಮ್ಮ ಭಾಗದಲ್ಲಿ ಅದು ಎಡಕ್ಕೇ ಸುತ್ತುವುದು ಖರೆ. ಆದರೆ ತೊಟ್ಟಿಗೆ ತಟ್ಟುವ ಆ ಪ್ರಭಾವ ತೀರಾ ಕ್ಷೀಣ. ದುಂಡು ಪಾತ್ರೆಯಲ್ಲಿ ನೀರನ್ನು ಅಲುಗಿಸದೆ ಬಹಳ ಹೊತ್ತು ಇಟ್ಟು, ಸಣ್ಣ ತೂತಿನಿಂದ ಬಿಟ್ಟರೆ ಕಂಡೀತು. ಪಂಪು ಒಂದು ಪಕ್ಕದಿಂದ ಸುರಿದ ನೀರಿನಲ್ಲಿ ಎಲ್ಲಿಂದ ಕಾಣಬೇಕು?

ವಿಡಿಯೋ ಪೂರ್ತಿ ಸುಳ್ಳಾಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಆಕಾಶದಲ್ಲಿ ನಿಜವಾದ ಮಾತನ್ನು ಬೀರು ತೊಟ್ಟಿಗೆ ಇಳಿಸಿದ್ದ. ನಾವೂ ದಿನಾ ಹೀಗೇ ಅಲ್ಲವೇ? ಎಲ್ಲಿಯದೋ ನಿಜವನ್ನು ಇಲ್ಲಿಗೆ ತಂದು, ಅದನ್ನು ನಂಬಿ ಕಾಲಿಡುತ್ತೇವೆ.

ಇದನ್ನೆಲ್ಲ ಬೀರುವಿಗೆ ಹೇಳಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಗುರುವಾರ ಕಾಕಾನ ಫೋನ್ ಬಂತು. ಹಿಂಡು ಬೀಳಗಿ ಕಡೆ ಸಾಗಿದೆ. ಅರ್ಧ ಕುರಿ ತೊಳೆಯುವುದು ಬಾಕಿ.

"ಇಲ್ಲೊಂದು ತೊಟ್ಟಿ ಐತಿ ನೋಡವಾ. ಭಂಡಾರ ಹಾರಿಸೇವಿ. ಈ ಸಲ ಎಡಕ್ಕ ತಿರುಗಾಕತ್ತೈತಿ. ಬಲಕ್ಕ ಅಲ್ಲ ಮತ್ತ, ಎಡಕ್ಕ! ಇಳೀಬೋದಲ್ಲಾ?"

ಭಾನುವಾರದಿಂದ ಅವರು ಕಲಿತದ್ದು ಇಷ್ಟೇ: ಬಲ ಕೆಟ್ಟದ್ದು, ಎಡ ಒಳ್ಳೆಯದು.

"ಇಳೀಬ್ಯಾಡ ಕಾಕಾ! ಯಾ ಕಡೆ ತಿರುಗಿದ್ರೂ ಕೆಳಗ ಪೈಪ್ ತೆರದಿರಬೋದು. ಮೊದಲ ವಾಲ್ವ್ ಬಂದ್ ಮಾಡಸು. ನೀರ್ ನಿಂತ ಮ್ಯಾಲ ಇಳೀರಿ."

ಕಾಕಾ ಫೋನಿನಿಂದ ಆಚೆ ಮುಖ ಮಾಡಿ ಒದರಿದ್ದು ಕೇಳಿಸಿತು.

"ಲೇ ಬೀರ್ಯಾ! ಮ್ಯಾಲ ಬಾರಲೇ! ಲಗೂ ಬಾ!"

ನೀರು ಬಡಿಯುವ ಸದ್ದು. ಯಾರೋ ಏದುಸಿರು ಬಿಡುವ ಸದ್ದು. "ಬಂದ್ನವಾ, ಬಂದ," ಎಂದ ಕಾಕಾ.

ಇಳಿಯಬಹುದೇ ಎಂದು ನನ್ನನ್ನು ಕೇಳಿದ್ದು, ಮಗ ಇಳಿದ ಮೇಲೆ.