ಎಡಗಡೆ ಸೀಟಿನ ಬಿಸಿ

ಆಯುಷ್ಯವೆಲ್ಲ ಪೆನ್ರಿತ್ ಪೇಟೆಯ ಮನೆಮನೆಗೆ ನಸುಕಿನಲ್ಲೇ ಹಾಲು ಹಾಕಿದ ಡೆಸ್ಮಂಡ್ ಫಾಸೆಟ್‌ಗೆ ಚಳಿ ಎಂದರೆ ಲೆಕ್ಕಕ್ಕೇ ಇರಲಿಲ್ಲ. ಮೈ ನಡುಗಿದರೆ ಇನ್ನೊಂದು ಸ್ವೆಟರು ಏರಿಸಿಕೊಂಡರಾಯಿತು ಎನ್ನುವ ಆಸಾಮಿ. ಅಂಥವನು ಈ ಚಳಿಗಾಲ ತನ್ನ ಹಳೆಯ ಹಸಿರು ಕಾರಿನ ಹೀಟರಿಗೆ ಗಂಟುಬಿದ್ದದ್ದು ಎನಿಡ್‌ಳಿಂದಾಗಿ. ಎನಿಡ್ ಅವನ ಹೆಂಡತಿಯ ಅಕ್ಕ.

ಹೆಂಡತಿ ಥೆಲ್ಮಾ ಜೂನ್ ತಿಂಗಳಲ್ಲಿ ತೀರಿಕೊಂಡಿದ್ದಳು. ಮಕ್ಕಳಿಲ್ಲ. ಅವಳ ವಿಷಯ ಮಾತಾಡಿಕೊಳ್ಳಲು ಉಳಿದವಳು ಎನಿಡ್ ಒಬ್ಬಳೇ, ಅವಳೂ ಹಾರ್ಟ್‌ಸೈಡ್ ಗುಡ್ಡದಾಚೆಯ ಆಲ್‌ಸ್ಟನ್‌ನಲ್ಲಿ. ಕ್ರಿಸ್‌ಮಸ್ ದಿನ ಬಸ್ಸು ಓಡುವುದಿಲ್ಲ. ಊಟಕ್ಕೆ ಕರೆದುಕೊಂಡು ಬರುತ್ತೇನೆಂದು ಡೆಸ್ಮಂಡ್ ಫೋನ್ ಮಾಡಿದರೆ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು.

"ಹೋದ ತಿಂಗಳು ಅವಳ ಸಮಾಧಿಗೆ ಕಲ್ಲು ಇಡಿಸಿದಾಗ ನಿನ್ನ ಕಾರಲ್ಲಿ ಬಂದು ವಾರಗಟ್ಟಲೆ ಹಾಸಿಗೆ ಹಿಡಿದೆ ಕಣೋ. ಬಿಸಿ ಬಂದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಒಂದು ಡಬ್ಬಿ ಸೂಪು ಕಾಯಿಸ್ಕೊಂಡು ಕುಡೀತೀನಿ."

"ಥೆಲ್ಮಾ ಇದ್ದಾಗ ಬೆಚ್ಚಗಿರ್ತಿತ್ತಲ್ಲ!"

"ಇರ್ತಿತ್ತು. ಈಗಿಲ್ಲ."

ಅಂಗಡಿಯಿಂದ ಅವನು ಆಗಲೇ ಒಂದು ಪೆಟ್ಟಿಗೆ ಕ್ರ್ಯಾಕರ್ ತಂದಿಟ್ಟಿದ್ದ, ಎರಡೂ ತುದಿ ಹಿಡಿದೆಳೆದರೆ ಪಟ್ಟೆಂದು ಒಡೆದು ಕಾಗದದ ಕಿರೀಟ ಉದುರಿಸುವಂಥವು. ಅದನ್ನೆಳೆಯಲು ಎದುರಿಗೆ ಇನ್ನೊಂದು ಕೈ ಬೇಕು. ಎನಿಡ್ ಬರದಿದ್ದರೆ ಆ ಕೈ ಎಲ್ಲಿಂದ ತರುವುದು?

ಸರಿ, ಬಾನೆಟ್ ಎತ್ತಿದ. ಹೀಟರಿನ ಡಬ್ಬ ಬಿಚ್ಚಿ ತಿಳಿನೀರು ಬರುವವರೆಗೆ ತೊಳೆದ. ಜೋರಾಗಿ ತಿರುಗುವ ಹೊಸ ಫ್ಯಾನು ಕೂಡಿಸಿದ. ಪೈಪುಗಳಿಗೆ ಥೆಲ್ಮಾಳ ಹಳೆಯ ಉಣ್ಣೆಯ ಕಾಲುಚೀಲ ಸುತ್ತಿದ. ಎಂಜಿನ್ ಬೇಗ ಕಾಯಲೆಂದು ರೇಡಿಯೇಟರಿನ ಮುಂದೆ ರಟ್ಟು ಕಟ್ಟಿದ. ಬಾಗಿಲುಗಳ ಸಂದುಗೊಂದಿಗೆಲ್ಲ ರಬ್ಬರು ತುರುಕಿದ. ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಏನೆಂದರೆ ಮೊದಲು ಮೆಲ್ಲಗೆ ಬರುತ್ತಿದ್ದ ತಣ್ಣನೆ ಗಾಳಿ ಈಗ ಭರ್ರೆಂದು ಬರತೊಡಗಿತು.

ಪಬ್ಬಿನಲ್ಲಿ ಸೇರುವ ಹಳೇ ಕಾರಿನವರ ಕೂಟದಲ್ಲಿ ಕ್ಲಿಫರ್ಡ್ ಎಂಬ ಗೆಳೆಯ ಕಾಲೆಳೆದ. "ಅದರಲ್ಲಿ ಮೀನು ಇಟ್ಟು ಮಾರಯ್ಯಾ, ಕೆಡೋದೇ ಇಲ್ಲ. ಅಂದ ಹಾಗೆ, ಎಂಜಿನ್ ಹಿಂದಿನ ನಲ್ಲಿ ತೆರೆದಿದೆ ತಾನೆ? ಹೀಟರಿಗೆ ಬಿಸಿನೀರು ಹೋಗಬೇಕಾದ್ದೇ ಅದರಿಂದ."

ಡೆಸ್ಮಂಡ್‌ಗೆ ರೇಗಿತು. "ಈ ಕಾರು ಮನೆಗೆ ಬಂದಾಗಿಂದ ಆ ನಲ್ಲೀನ ನಾನು ಮುಚ್ಚೇ ಇಲ್ಲ ಕಣೋ!"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಕ್ರಿಸ್‌ಮಸ್ ಹತ್ತಿರ ಬಂತು. ಭಾನುವಾರ ಮೂರಕ್ಕೆ ಫೋನ್ ಮಾಡುತ್ತೇನೆಂದಿದ್ದ ಎನಿಡ್, ಗೋಡೆ ಗಡಿಯಾರದಲ್ಲಿ ನಾಲ್ಕಾದಾಗ ಮಾಡಿದಳು.

"ಒಂದು ಗಂಟೆ ತಡ ಮಾಡಿದೆಯಲ್ಲ?" ಎಂದ.

"ಇಲ್ಲಿ ಸರಿಯಾಗಿ ಮೂರು."

"ಓ, ಈ ಗಡಿಯಾರ ಇನ್ನೂ ಬೇಸಿಗೇಲೇ ಇದೆ. ಮರೆತೆ."

ಬೇಸಿಗೆಗೆಂದು ಮಾರ್ಚಿನಲ್ಲಿ ಮುಂದಿಟ್ಟ ಗಡಿಯಾರವನ್ನು ಅಕ್ಟೋಬರಿನ ಕೊನೆಯ ಭಾನುವಾರ ಊರಿಗೆ ಊರೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಆ ಮನೆಯಲ್ಲಿ ಅದು ಥೆಲ್ಮಾಳ ಕೆಲಸವಾಗಿತ್ತು. ಅವನು ಇಷ್ಟು ದಿನ ಮನಸ್ಸಿನಲ್ಲೇ ಒಂದು ಗಂಟೆ ಕಳೆದು ಲೆಕ್ಕ ಹಾಕಿಕೊಂಡು ಬದುಕಿದ್ದ.

ಆ ಕಡೆಯಿಂದ ಎನಿಡ್ ದನಿ ಏರಿಸಿದಳು. "ಗಡಿಯಾರ ತಿರುಗಿಸಿಲ್ಲ ಅಂದ್ರೆ ನಲ್ಲೀನೂ ತಿರುಗಿಸಿಲ್ಲ ನೀನು!"

"ಯಾವ ನಲ್ಲಿ?"

"ಬಾನೆಟ್ ಒಳಗಿಂದು ಕಣೋ ಪೆದ್ದ. ಮಾರ್ಚಲ್ಲಿ ಗಡಿಯಾರ ಮುಂದಿಟ್ಟ ದಿನ ಅದನ್ನ ಮುಚ್ಚೋದು, ಅಕ್ಟೋಬರಲ್ಲಿ ಹಿಂದಿಟ್ಟ ದಿನ ತೆರೆಯೋದು. ಬೇಸಿಗೇಲಿ ಕಾಲು ಬೇಯುತ್ತೆ ಅಂತ. ನಮ್ಮಪ್ಪನ ವ್ಯಾನಿಗೂ ಅವಳೇ ಮಾಡ್ತಿದ್ಲು."

"ನನಗೆ ಒಂದು ಮಾತೂ ಹೇಳಲಿಲ್ಲವಲ್ಲ!"

"ಸ್ನೇಹಿತರ ಮುಂದೆ 'ನನ್ನ ಹೀಟರು, ನನ್ನ ಹೀಟರು' ಅಂತ ಮೆರೀತಿದ್ದೆಯಲ್ಲ. ಪಾಪ, ಮೆರೀಲಿ ಬಿಡು ಅಂತಿದ್ಲು."

ಗ್ಯಾರೇಜಿಗೆ ಹೋಗಿ ನೋಡಿದ. ಪುಟ್ಟ ಹಿತ್ತಾಳೆ ನಲ್ಲಿ ಬಿಗಿಯಾಗಿ ಮುಚ್ಚಿತ್ತು. ಮಾರ್ಚಿನಲ್ಲಿ, ಕಾಯಿಲೆಯ ಸುಳಿವೂ ಇಲ್ಲದಾಗ, ತೋಟಗೆಲಸದ ಕೈಗವಸು ಹಾಕಿಕೊಂಡು ಬಂದು ತಿರುಗಿಸಿ ಹೋಗಿದ್ದಾಳೆ. ಆಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಡೆಸ್ಮಂಡ್ ಅದರ ಮೇಲೆ ಬೆರಳಿಟ್ಟು ನಿಂತೇ ಇದ್ದ. ಅವಳು ತಿರುಗಿಸಿಟ್ಟದ್ದನ್ನು ತಾನು ತಿರುಗಿಸಬೇಕಲ್ಲ. ಹಾಗೇ ಬಿಟ್ಟರೆ ಎನಿಡ್ ಬರುವುದಿಲ್ಲ. ಕಣ್ಣೊರೆಸಿಕೊಂಡು ತಿರುಗಿಸಿದ. ಬಿಗಿಯಾಗಿದ್ದರೂ ಬಿಟ್ಟುಕೊಂಡಿತು.

ಕ್ರಿಸ್‌ಮಸ್ ಬೆಳಿಗ್ಗೆ ಗುಡ್ಡ ಹತ್ತುವಾಗ ಕಾರು ಒಲೆಯಾಗಿತ್ತು. ಮಾಡಿದ್ದ ಕೆಲಸವೆಲ್ಲ ಒಟ್ಟಿಗೇ ಫಲ ಕೊಟ್ಟು ಕೋಟು ಬಿಚ್ಚುವಂತಾಯಿತು. ಆಲ್‌ಸ್ಟನ್‌ನಲ್ಲಿ ಎನಿಡ್ ಕಂಬಳಿ ಹೊದ್ದು, ಪುಡಿಂಗ್ ಬಟ್ಟಲು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಬಂದವಳೇ ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು.

"ಮುಂದೆ ಬಾ ಎನಿಡ್. ಬಿಸಿ ಹಿಂದಕ್ಕೆ ಬರಲ್ಲ."

"ಗೊತ್ತು. ಅದು ಅವಳ ಜಾಗ."

ಹೋದ ತಿಂಗಳೂ ಅವಳು ಹಿಂದೆಯೇ ಕೂತಿದ್ದಳು. ಮುಂದಿನ ಸೀಟಿನಲ್ಲಿ ಸಮಾಧಿಯ ಹೂಗಳಿದ್ದವು, ಅದಕ್ಕೇ ಇರಬೇಕೆಂದು ಅವನು ತಿಳಿದಿದ್ದ. ಈಗ ಮತ್ತೆ ಕರೆಯದೆ ಕಾರು ಹೊರಡಿಸಿದ.

ಗುಡ್ಡದ ನೆತ್ತಿಯಲ್ಲಿ ಮಂಜು ಮುಸುಕಿತ್ತು. ಹಿಂದಿನಿಂದ ಎನಿಡ್‌ಳ ಹಲ್ಲು ಕಟಕಟಿಸುವುದು ಕೇಳುತ್ತಿತ್ತು.

"ಅವಳ ಕಡೆಗೆ ಬಿಸಿ ಬರ್ತಿದೆಯೇನೋ?"

ಅವನು ಎಡಗೈ ಚಾಚಿ ಖಾಲಿ ಸೀಟಿನ ಕೆಳಗೆ, ಕಾಲಿಡುವಲ್ಲಿ ಮುಟ್ಟಿ ನೋಡಿದ. "ಬರ್ತಿದೆ."

"ಕಾಲಿಗೆ?"

"ಕಾಲಿಗೇ."

"ಹಾಗಾದ್ರೆ ಸರಿ," ಎಂದು ಎನಿಡ್ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು. ಡೆಸ್ಮಂಡ್‌ನ ಹಣೆಯಲ್ಲಿ ಬೆವರಿಳಿಯುತ್ತಿತ್ತು. ಪೆನ್ರಿತ್ ಮುಟ್ಟುವವರೆಗೂ ಅವನು ಹೀಟರು ಆರಿಸಲಿಲ್ಲ.