ಅಮ್ಮನ ಸಿಂಗಾಪುರದ ಬ್ಯಾಗು

ಗೆಳೆಯರೇ, ಇವತ್ತು ರಾಜಾಜಿನಗರದ ಬ್ಯಾಗಿನ ಅಂಗಡಿಯಲ್ಲಿ ನಮ್ಮ ಅಪ್ಪ ಅಮ್ಮನಿಗೆ ಜಗಳವಾಯಿತು. ಮುಂದಿನ ವಾರ ಇಬ್ಬರೂ ಮೊದಲ ಸಲ ವಿಮಾನ ಹತ್ತಿ, ಚಿಕ್ಕಪ್ಪನ ಮನೆಗೆಂದು ಸಿಂಗಾಪುರಕ್ಕೆ ಹೊರಟಿದ್ದಾರೆ. ಅಲ್ಲಿ ಊರು ಸುತ್ತುವುದಕ್ಕೆ ಅಮ್ಮನಿಗೊಂದು ಬ್ಯಾಗು ಬೇಕಿತ್ತು. ಅಪ್ಪ ಕೈಯಲ್ಲಿ ಹಿಡಿಯುವ, ಹೊಳೆಯುವ ಚರ್ಮದ ಬ್ಯಾಗನ್ನು ಮೆಚ್ಚಿದರು. ಅಮ್ಮ ಹೆಗಲಿಗೆ ಹಾಕುವ ಕ್ಯಾನ್ವಾಸ್ ಬ್ಯಾಗೇ ಬೇಕೆಂದು ಹಟ ಹಿಡಿದರು.

“ಅದು ಪೋಸ್ಟ್‌ಮ್ಯಾನ್ ಚೀಲ ಇದ್ದಂಗಿದೆ ಕಣೇ. ನೋಡ್ದೋರು ನಗ್ತಾರೆ,” ಎಂದರು ಅಪ್ಪ.

“ನಗಲಿ ಬಿಡಿ. ಕೊಂಡಿದ್ದೆಲ್ಲ ಇದ್ರಲ್ಲಿ ಹಿಡಿಯುತ್ತೆ, ನನ್ನ ಕೈನೂ ಖಾಲಿ ಇರುತ್ತೆ.”

“ಕೈ ಖಾಲಿ ಇಟ್ಕೊಂಡು ಏನ್ಮಾಡ್ತೀಯ?”

“ನಿಮ್ಮನ್ನ ಹಿಡ್ಕೋತೀನಿ. ಮೈಸೂರು ದಸರಾದಲ್ಲಿ ಕಳೆದುಹೋಗಿದ್ದು ನಾನಲ್ಲ. ಅಲ್ಲಾದ್ರೆ ಕನ್ನಡದಲ್ಲಿ ಕೇಳ್ಕೊಂಡು ಬಂದ್ರಿ. ಸಿಂಗಾಪುರದಲ್ಲಿ ಯಾರನ್ನ ಕೇಳ್ತೀರಿ?”

ಅಂಗಡಿಯವರು ಆಚೆ ತಿರುಗಿ ನಕ್ಕರು. ಅಪ್ಪ ಚರ್ಮದ ಬ್ಯಾಗನ್ನು ಪಕ್ಕಕ್ಕೆ ತಳ್ಳಿ ಕ್ಯಾನ್ವಾಸ್ ಬ್ಯಾಗನ್ನೇ ಕೊಂಡರು. ಸಿಟ್ಟು ಬಂದಿದೆ ಎಂದುಕೊಂಡೆ. ಹೊರಗೆ ರಸ್ತೆ ದಾಟುವಾಗ ಆಟೋ ಒಂದು ಅಡ್ಡ ಬಂತು. ಅಪ್ಪ ಥಟ್ಟನೆ ಅಮ್ಮನ ಕೈ ಹಿಡಿದುಕೊಂಡರು. ಬೀದಿಯಲ್ಲಿ ಅವರು ಹಾಗೆ ಕೈ ಹಿಡಿದದ್ದನ್ನು ನಾನು ಕಂಡದ್ದು ಇದೇ ಮೊದಲು. ಗಾಡಿ ಹೋದ ಮೇಲೂ ಬಿಡಲಿಲ್ಲ.

ಹೊಸ ಬ್ಯಾಗು ಹೊತ್ತು ಮನೆಯವರೆಗೂ ಹಿಂದೆ ನಡೆದವಳು ನಾನು. ಮಗಳೊಬ್ಬಳು ಜೊತೆಗೆ ಬಂದಿದ್ದಾಳೆ ಎಂಬುದು ಇಬ್ಬರಿಗೂ ನೆನಪಿದ್ದಂತಿರಲಿಲ್ಲ.