ನೀರನ್ನು ಹೊರಗೆ ಹಾಕುವ ದೇಶ

ಸಿರುಗುಪ್ಪದ ಹತ್ತಿರ ಹರಿಯುವ ಉಪಕಾಲುವೆಯ ಕಟ್ಟಕಡೆಯಲ್ಲಿ ಚಿದಾನಂದಪ್ಪನ ಗದ್ದೆಯಿದೆ. ಮೇಲಿನವರು ಗದ್ದೆ ತುಂಬಿಸಿಕೊಂಡು, ಎಮ್ಮೆ ಮೈ ತೊಳೆದು, ಟ್ರ್ಯಾಕ್ಟರನ್ನೂ ತೊಳೆದಮೇಲೆ ಉಳಿದದ್ದು ಬಂದು ಮುಟ್ಟುವ ಜಾಗ ಅದು. ಐವತ್ತು ದಾಟಿದ ಈ ಮನುಷ್ಯ ಆಯುಷ್ಯದ ಬಹುಪಾಲನ್ನು ಬದುವಿನ ಮೇಲೆ ಕೂತು, ಕಾಲುವೆ ಬರುವ ದಿಕ್ಕನ್ನೇ ನೋಡುತ್ತ ಕಳೆದಿದ್ದಾನೆ. ಅವನಿಗಿದ್ದದ್ದು ಒಂದೇ ಆಸೆ: ನೀರು ಬಳಕೆದಾರರ ಸಂಘದ ಅಧ್ಯಕ್ಷನಾಗಬೇಕು. ಸದ್ಯದ ಅಧ್ಯಕ್ಷ ಕರಿಬಸವನ ಗದ್ದೆ ತೂಬಿನ ಬಾಯಲ್ಲೇ ಇದೆ. ಎಂಥ ಬೇಸಿಗೆಯಲ್ಲೂ ಅಲ್ಲಿ ಕಪ್ಪೆ ಕೂಗುತ್ತದೆ.

ಸಂಘದ ಚುನಾವಣೆಗೆ ಮೊದಲು ರೈತರ ಅಧ್ಯಯನ ಪ್ರವಾಸವೊಂದಕ್ಕೆ ಚಿದಾನಂದಪ್ಪನ ಹೆಸರು ಬಂತು. ಹೋಗಬೇಕಾದ ದೇಶ ನೆದರ್‌ಲ್ಯಾಂಡ್ಸ್. ಹೆಂಡತಿ ಕಾವೇರಿ ಬಳ್ಳಾರಿಗೆ ಹೋಗಿ ಅಂಗಡಿಯಲ್ಲಿ ದಪ್ಪನೆಯ ಸ್ವೆಟರ್ ಕೇಳಿದಳು. ಏಪ್ರಿಲ್ ತಿಂಗಳು. ಅಂಗಡಿಯವನು ಅವಳನ್ನು ಫ್ಯಾನಿನ ಕೆಳಗೆ ಕೂಡಿಸಿ ಮೊದಲು ನೀರು ಕೊಟ್ಟ.

ತಿರುಗಿ ಬಂದವನು ವಾರವಿಡೀ ಆ ದೇಶದ್ದೇ ಮಾತಾಡಿದ. "ಮಧ್ಯಾಹ್ನನೂ ತಣ್ಣನ ಬ್ರೆಡ್ಡು, ಚೀಸು. ಅದನ್ನ ತಿಂದು ತೆಂಗಿನ ಗಿಡದಂಗ ಬೆಳದಾರ ನೋಡು."

"ಹಂಗಾದ್ರ ಬಿಸಿ ರೊಟ್ಟಿ ಹಾಕಿ ನಿಮ್ಮನ್ನ ಗಿಡ್ಡ ಮಾಡಿದಾಕಿ ನಾನ ಅನ್ರಿ" ಎಂದಳು ಕಾವೇರಿ.

ಚುನಾವಣೆಯ ಹಿಂದಿನ ವಾರ ಸಂಘದ ಸಭೆ. ನೀರನ್ನು ಪಳಗಿಸಿದ ದೇಶವನ್ನು ಕಣ್ಣಾರೆ ಕಂಡವನಿಗೆ ಜನ ಓಟು ಹಾಕದೆ ಇರಲಾರರು ಎಂದು ಚಿದಾನಂದಪ್ಪ ನಂಬಿದ್ದ. ಆರಂಭ ಚೆನ್ನಾಗಿಯೇ ಆಯಿತು.

"ಆ ದೇಶದಾಗ ಗುಡ್ಡ ಇಲ್ಲ. ಅವರು ಗುಡ್ಡ ಅಂತ ತೋರಿಸಿದ್ದನ್ನ ನಮ್ಮ ಕುರುಗೋಡಿನ ಮೇಕಿ ತಿರುಗಿ ಸುದ್ದಾ ನೋಡಂಗಿಲ್ಲ. ಮಳಿ ದಿನಾ ಬರ್ತೈತಿ. ಬ್ಯಾಸಗಿ ಅಂತ ಒಂದು ಐತಂತ, ನಾನು ಹೋದಾಗ ಇನ್ನೂ ಬಂದಿದ್ದಿಲ್ಲ. ಮಂದಿಗಿಂತ ಸೈಕಲ್ ಜಾಸ್ತಿ. ಯಾರ ಮನಿಗಾದ್ರೂ ಹೋಗಾಕ ಮೊದ್ಲ ಕೇಳಿ ತಾರೀಕು ತಗೋಬೇಕು."

"ಬೀಗರ ಮನಿಗೂ?" ಹಿಂದಿನಿಂದ ಒಂದು ದನಿ ಬಂತು.

"ಬೀಗರ ಮನಿಗೂ."

"ಒಳ್ಳೆ ದೇಶ ಬಿಡು."

ನಗು ಇಳಿದಮೇಲೆ ಚಿದಾನಂದಪ್ಪ ಮುಖ್ಯ ವಿಷಯಕ್ಕೆ ಬಂದ. "ಅಲ್ಲಿ ಎಷ್ಟೋ ನೆಲ ಸಮುದ್ರಕ್ಕಿಂತ ಕೆಳಗೈತಿ. ಏರಿ ಕಟ್ಯಾರ. ಹೊಲದಾಗ ನಿಂತ ನೀರನ್ನ ಪಂಪ್ ಹಚ್ಚಿ ಎತ್ತಿ ಸಮುದ್ರಕ್ಕ ಹಾಕ್ತಾರ."

ಸಭೆ ತಣ್ಣಗಾಯಿತು. ಚಿದಾನಂದಪ್ಪನ ಪಕ್ಕದ ಗದ್ದೆಯ ಗಾದೆಮ್ಮ ಸೆರಗು ಸರಿಮಾಡಿಕೊಂಡಳು. ಕಾಲುವೆಯ ಕೊನೆ ಭಾಗದವರಿಗೆಲ್ಲ ಹಿರಿಯಳು ಅವಳೇ.

"ಉಪ್ಪು ನೀರೋ, ಸಿಹಿ ನೀರೋ?"

"ಮಳಿ ನೀರು ಯವ್ವಾ. ಸಿಹಿ ನೀರ."

"ಹೊಲಕ್ಕ ಬಂದ ಸಿಹಿ ನೀರು ಸಮುದ್ರಕ್ಕ?"

"ಹೌದು."

"ನೀ ನೋಡಿಕೊಂತ ನಿಂತಿದ್ದಿ?"

ಇಲ್ಲಿ ಸುಮ್ಮನಾಗಿದ್ದರೆ ಅವನು ಬದುಕುತ್ತಿದ್ದ. ಆದರೆ ಬರೀ ನೋಡಿಕೊಂಡು ನಿಲ್ಲುವಂಥವನು ತಾನಲ್ಲ ಎಂದು ತೋರಿಸುವ ಉಮೇದು ಬಂತು. ಅಲ್ಲಿಯವರು ಅತಿಥಿಗೆ ಮರ್ಯಾದೆ ಮಾಡಿ, ಆ ದಿನ ಪಂಪಿನ ಗುಂಡಿಯನ್ನು ಅವನಿಂದಲೇ ಒತ್ತಿಸಿದ್ದರು. ಆಗ ತೆಗೆಸಿಕೊಂಡ ಫೋಟೋ ತೆರೆದು ಮೊಬೈಲನ್ನು ಮುಂದಿನ ಸಾಲಿಗೆ ಕೊಟ್ಟ. ಮೊಬೈಲು ಕೈಯಿಂದ ಕೈಗೆ ಹೋಯಿತು. ಚಿತ್ರದಲ್ಲಿ ಸ್ವೆಟರ್ ತೊಟ್ಟ ಚಿದಾನಂದಪ್ಪ, ಗುಂಡಿಯ ಮೇಲೆ ಬೆರಳು. ಹಿಂದೆ ಬಿಳಿ ನೊರೆಯೆದ್ದು ಧುಮುಕುವ ನೀರು.

"ಇದರಾಗ ನಗಾಕ ಬ್ಯಾರೆ ಹತ್ತೀಯಲ್ಲಲೇ" ಎಂದಳು ಗಾದೆಮ್ಮ.

ಕರಿಬಸವ ನಿಧಾನವಾಗಿ ಎದ್ದ. ಅವನ ಮುಖದಲ್ಲಿ ಸಾವಿನ ಮನೆಗೆ ಬಂದವನ ದುಃಖವಿತ್ತು. ಹೊಲದ ನೀರನ್ನು ಸಮುದ್ರಕ್ಕೆ ಹಾಕುತ್ತಿರುವ ನೆದರ್‌ಲ್ಯಾಂಡ್ಸ್ ದೇಶವನ್ನು ಈ ಸಂಘ ಖಂಡಿಸುತ್ತದೆ ಎಂಬ ಠರಾವು ಮಂಡಿಸಿದ. ಕಾಲುವೆಯ ಮೇಲಿನವರೂ ಕೆಳಗಿನವರೂ ಒಟ್ಟಿಗೆ ಕೈ ಎತ್ತಿದ್ದು ಸಂಘ ಹುಟ್ಟಿದಮೇಲೆ ಅದೇ ಮೊದಲು. ಒಬ್ಬನೇ ಉಳಿದರೆ ಚೆನ್ನಾಗಿರುವುದಿಲ್ಲವೆಂದು ಚಿದಾನಂದಪ್ಪನೂ ಎತ್ತಿದ. ಠರಾವನ್ನು ತಲುಪಿಸುವ ಕೆಲಸವನ್ನು, ದಾರಿ ಗೊತ್ತಿದ್ದವನೆಂದು, ಅವನಿಗೇ ವಹಿಸಲಾಯಿತು.

ಮುಂದಿನ ವಾರ ಕರಿಬಸವನೇ ಗೆದ್ದ. ಕೊನೆ ಭಾಗದ ಓಟುಗಳೂ ಅವನಿಗೇ ಬಿದ್ದಿದ್ದವು. ಚಿದಾನಂದಪ್ಪ ಬದುವಿನ ಮೇಲೆ ಗಾದೆಮ್ಮನನ್ನು ನಿಲ್ಲಿಸಿ ಕೇಳಿದ: "ಯವ್ವಾ, ಅವ ನಮ್ಮ ನೀರು ಕದಿಯಾವ ಅಂತ ನಿನಗ ಗೊತ್ತಿಲ್ಲೇನು?"

"ಗೊತ್ತೈತಿ. ಕದ್ದು ತನ್ನ ಭತ್ತಕ್ಕ ಹಾಕ್ಯಾನ" ಎಂದಳು ಗಾದೆಮ್ಮ. "ಸಮುದ್ರಕ್ಕಂತೂ ಹಾಕಿಲ್ಲ."